ಕಾಡು ಯೀಸ್ಟನ್ನು ಹೊರಗಟ್ಟಿದ ಹ್ಯಾನ್ಸನ್

ಬ್ರಸೆಲ್ಸ್ ನಗರದ ಆಸುಪಾಸಿನಲ್ಲಿ, ಸೆನ್ನೆ ನದಿಯ ಕಣಿವೆಯಲ್ಲಿ ತಯಾರಾಗುವ ಲ್ಯಾಂಬಿಕ್ ಎಂಬ ಬಿಯರನ್ನು ಮೊದಲ ಸಲ ಬಾಯಿಗಿಟ್ಟವರು ಮುಖ ಸಿಂಡರಿಸುವುದುಂಟು. ಬಿಯರ್ ಎಂದರೆ ಕಹಿ ಎಂದು ನಂಬಿದ ನಾಲಗೆಗೆ ಇಲ್ಲಿ ಮೊದಲು ತಾಗುವುದು ಹುಳಿ. ಆ ಹುಳಿಯ ಚುರುಕು ತುಸು ತಗ್ಗಿದ ಮೇಲೆ ಬೇರೆ ರುಚಿಗಳು ಒಂದೊಂದಾಗಿ ಏಳುತ್ತವೆ. ಮಾಗಿದ ಸೇಬು, ಅನಾನಸು, ನಿಂಬೆಯ ಸಿಪ್ಪೆ, ಎಲ್ಲೋ ದೂರದಲ್ಲಿ ಗುಲಾಬಿ, ಕೊನೆಯಲ್ಲಿ ಒಣಹುಲ್ಲಿನ ಮತ್ತು ಹಳೆಯ ಚರ್ಮದ ವಾಸನೆ. ಹಣ್ಣು ಹಾಕದಿದ್ದರೂ ಹಣ್ಣಿನ ಪರಿಮಳ, ಹೂವು ಸೋಂಕದಿದ್ದರೂ ಹೂವಿನ ಕಂಪು.

ಇವನ್ನೆಲ್ಲ ಬಿಯರಿಗೆ ತಂದವರು ಯಾರೂ ಅಲ್ಲ. ಕುದಿಸಿದ ಬಾರ್ಲಿ ಮತ್ತು ಗೋಧಿಯ ಕಷಾಯವನ್ನು ಅಗಲವಾದ ತಟ್ಟೆಯಂಥ ಪಾತ್ರೆಯಲ್ಲಿ ಒಂದು ರಾತ್ರಿ ಗಾಳಿಗೆ ತೆರೆದಿಟ್ಟಾಗ ತಾವಾಗಿಯೇ ಬಂದು ಸೇರುವ ಮತ್ತು ಓಕ್ ಮರದ ಪೀಪಾಯಿಗಳಲ್ಲಿ ಮೊದಲೇ ನೆಲೆಸಿರುವ ಕಾಡು ಯೀಸ್ಟ್ ಹಾಗೂ ಬ್ಯಾಕ್ಟೀರಿಯಾಗಳ ಕೆಲಸವಿದು. ನಮ್ಮ ಮನೆಯ ಇಡ್ಲಿ ಹಿಟ್ಟು ರಾತ್ರಿ ಬೆಳಗಾಗುವುದರೊಳಗೆ ಉಬ್ಬಿ ಹುಳಿಯಾಗುವುದೂ, ಈಚಲ ಮರಕ್ಕೆ ಕಟ್ಟಿದ ಮಡಕೆಯ ರಸ ಹೆಂಡವಾಗುವುದೂ ಇಂಥ ಕರೆಯದ ಅತಿಥಿಗಳಿಂದಲೇ.

ಈ ಅತಿಥಿಗಳನ್ನು ಬಿಯರಿನ ಶತ್ರುಗಳೆಂದು ಸಾರಿ, ಅವುಗಳನ್ನು ಜಗತ್ತಿನ ಬ್ರೂವರಿಗಳಿಂದ ಹೊರಗಟ್ಟುವ ದಾರಿ ತೋರಿದ ವ್ಯಕ್ತಿ ಡೆನ್ಮಾರ್ಕಿನ ವಿಜ್ಞಾನಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್. ಇಂದು ಲಾಗರ್ ಬಿಯರ್ ಊರೂರಿಗೂ ಒಂದೇ ಹದದಲ್ಲಿ ಸಿಗುತ್ತಿದ್ದರೆ ಅದರ ಶ್ರೇಯದ ದೊಡ್ಡ ಪಾಲು ಈತನಿಗೆ ಸಲ್ಲಬೇಕು. ಬಿಯರಿನ ರುಚಿಗಳಲ್ಲಿ ಹಲವು ನೂರು ವರ್ಷ ಮರೆಗೆ ಸರಿದಿದ್ದರೆ ಅದರ ಹೊಣೆಯಲ್ಲೂ ಈತನಿಗೆ ಪಾಲುಂಟು.

ಬಣ್ಣದ ಕುಂಚದಿಂದ ಸೂಕ್ಷ್ಮದರ್ಶಕಕ್ಕೆ

ಹ್ಯಾನ್ಸನ್ ಹುಟ್ಟಿದ್ದು 1842ರ ಮೇ 8ರಂದು, ಡೆನ್ಮಾರ್ಕಿನ ಜಟ್‌ಲೆಂಡ್ ಪ್ರಾಂತ್ಯದ ರಿಬೆ ಎಂಬ ಪುರಾತನ ಪಟ್ಟಣದಲ್ಲಿ. ಮನೆಯಲ್ಲಿ ಬಡತನ. ಓದು ನೇರ ದಾರಿಯಲ್ಲಿ ಸಾಗಲಿಲ್ಲ. ಮನೆಗಳಿಗೆ ಬಣ್ಣ ಬಳಿಯುವ ಕೆಲಸ ಮಾಡಿದ, ಖಾಸಗಿ ಮೇಷ್ಟರಾಗಿ ಶ್ರೀಮಂತರ ಮಕ್ಕಳಿಗೆ ಪಾಠ ಹೇಳಿದ, ಕಾದಂಬರಿಗಳನ್ನು ಬರೆದು ಬಂದ ಹಣದಲ್ಲಿ ಶಿಕ್ಷಣದ ಖರ್ಚು ತೂಗಿಸಿದ. ಓರಗೆಯವರು ಉದ್ಯೋಗ ಹಿಡಿದು ನೆಲೆ ನಿಂತಿದ್ದ ವಯಸ್ಸಿನಲ್ಲಿ ಆತ ಕೋಪನ್‌ಹೇಗನ್ನಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ.

ತಡವಾಗಿ ಬಂದವನ ಹಸಿವು ದೊಡ್ಡದು. ಸಸ್ಯಶಾಸ್ತ್ರದಲ್ಲಿ, ಅದರಲ್ಲೂ ಶಿಲೀಂಧ್ರಗಳಲ್ಲಿ ಹ್ಯಾನ್ಸನ್‌ನ ಮನಸ್ಸು ನೆಟ್ಟಿತು. ಎಲ್ಲರೂ ಮೂಗು ಮುಚ್ಚಿಕೊಂಡು ದಾಟುವ ಸಗಣಿ ಮತ್ತು ಲದ್ದಿಯ ಮೇಲೆ ಬೆಳೆಯುವ ಅಣಬೆ, ಬೂಸುಗಳನ್ನು ಕೂತು ಅಧ್ಯಯನ ಮಾಡಿ ಬರೆದ ಪ್ರಬಂಧಕ್ಕೆ 1876ರಲ್ಲಿ ಚಿನ್ನದ ಪದಕ ದೊರೆಯಿತು. ಅದೇ ವರ್ಷ ಗೆಳೆಯ ಆಲ್ಫ್ರೆಡ್ ಯೋರ್ಗೆನ್ಸನ್ ಜತೆ ಸೇರಿ, ಬೀಗಲ್ ನೌಕೆಯಲ್ಲಿ ಚಾರ್ಲ್ಸ್ ಡಾರ್ವಿನ್ ಕೈಗೊಂಡ ಯಾನದ ಕಥನವನ್ನು ಡ್ಯಾನಿಷ್ ಭಾಷೆಗೆ ಅನುವಾದಿಸಿದ.

ಡಾರ್ವಿನ್ ಕಲಿಸುವ ದೊಡ್ಡ ಪಾಠವೊಂದಿದೆ. ಒಂದೇ ಬಗೆಯಂತೆ ಕಾಣುವ ಜೀವಿಗಳ ಗುಂಪಿನಲ್ಲೂ ಸಣ್ಣ ಸಣ್ಣ ವ್ಯತ್ಯಾಸಗಳಿರುತ್ತವೆ. ಮುಂದಿನದನ್ನು ನಿರ್ಧರಿಸುವುದು ಆ ವ್ಯತ್ಯಾಸಗಳೇ. ಯೀಸ್ಟಿನ ಒಂದು ಚಮಚ ನೊರೆಯಲ್ಲಿ ಇಂಥ ವ್ಯತ್ಯಾಸವನ್ನು ಹುಡುಕುವುದೇ ಹ್ಯಾನ್ಸನ್‌ನ ಮುಂದಿನ ಬದುಕಾಯಿತು.

ಯಾಕೋಬ್ಸೆನ್ ಕಟ್ಟಿದ ಪ್ರಯೋಗಾಲಯ

ಕೋಪನ್‌ಹೇಗನ್ ಹೊರವಲಯದ ವಾಲ್ಬಿ ಗುಡ್ಡದ ಮೇಲೆ ಯಾಕೋಬ್ ಕ್ರಿಶ್ಚಿಯನ್ ಯಾಕೋಬ್ಸೆನ್ ಎಂಬ ಉದ್ಯಮಿ 1847ರಲ್ಲಿ ಬ್ರೂವರಿಯೊಂದನ್ನು ಸ್ಥಾಪಿಸಿದ್ದ. ಮಗ ಕಾರ್ಲ್‌ನ ಹೆಸರಿಗೆ ಗುಡ್ಡ ಎಂಬರ್ಥದ ಪದ ಸೇರಿಸಿ ಅದನ್ನು ಕಾರ್ಲ್ಸ್‌ಬರ್ಗ್ ಎಂದು ಕರೆದ. ಅದಕ್ಕೂ ಮುನ್ನ, 1845ರಲ್ಲಿ, ಜರ್ಮನಿಯ ಮ್ಯೂನಿಕ್ ನಗರದ ಸ್ಪಾಟೆನ್ ಬ್ರೂವರಿಯಿಂದ ಲಾಗರ್ ಯೀಸ್ಟನ್ನು ಪಡೆದು, ಕುದುರೆಗಾಡಿಯ ಪ್ರಯಾಣದಲ್ಲಿ ಪ್ರತಿ ತಂಗುದಾಣದಲ್ಲೂ ಅದಕ್ಕೆ ತಣ್ಣೀರು ಸುರಿದು ಜೀವ ಉಳಿಸಿಕೊಂಡು ಡೆನ್ಮಾರ್ಕಿಗೆ ತಂದ ಆತನ ಕತೆ ಬಿಯರ್ ಲೋಕದಲ್ಲಿ ಪ್ರಸಿದ್ಧ.

ಲಾಗರ್ ಎಂಬುದು ತಂಪಿನಲ್ಲಿ ನಿಧಾನವಾಗಿ ಹುದುಗುವ ಬಿಯರ್. ಕೆಲಸ ಮುಗಿಸಿದ ಯೀಸ್ಟ್ ಪಾತ್ರೆಯ ತಳ ಸೇರುತ್ತದೆ. ಬೆಚ್ಚಗಿನ ತಾಪದಲ್ಲಿ ಹುದುಗಿ, ಯೀಸ್ಟ್ ನೊರೆಯೊಂದಿಗೆ ಮೇಲೇಳುವಂಥದು ಏಲ್. ಯಾಕೋಬ್ಸೆನ್ ತನ್ನ ಲಾಗರನ್ನು ಅದೃಷ್ಟಕ್ಕೆ ಬಿಡಲು ಒಪ್ಪದವ. ಬಿಯರ್ ತಯಾರಿಕೆಗೆ ವಿಜ್ಞಾನದ ಆಧಾರ ಬೇಕೆಂದು 1875ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯವನ್ನು ಆರಂಭಿಸಿದ. ವೈಜ್ಞಾನಿಕವಾಗಿಯಾಗಲಿ, ವ್ಯಾವಹಾರಿಕವಾಗಿಯಾಗಲಿ ಮಹತ್ವವುಳ್ಳ ಯಾವ ಫಲಿತಾಂಶವನ್ನೂ ಅಲ್ಲಿ ಗುಟ್ಟಾಗಿಡುವಂತಿಲ್ಲ ಎಂಬುದು ಆ ಸಂಸ್ಥೆಯ ನಿಯಮ. ವ್ಯಾಪಾರಿಯೊಬ್ಬ ತನ್ನ ಹಣದಿಂದ ಕಟ್ಟಿದ ಪ್ರಯೋಗಾಲಯಕ್ಕೆ ಇಂಥ ನಿಯಮ ಹಾಕಿಕೊಂಡದ್ದು ಅಂದಿಗೂ ಇಂದಿಗೂ ಅಪರೂಪವೇ.

ಆಗಿನ ದಿನಗಳಲ್ಲಿ ಈ ಕ್ಷೇತ್ರದ ಸೂರ್ಯನೆಂದರೆ ಫ್ರಾನ್ಸಿನ ಲೂಯಿ ಪಾಶ್ಚರ್. ಹುದುಗುವಿಕೆ ಜೀವಿಗಳ ಕೆಲಸವೆಂದು ತೋರಿಸಿದ ಪಾಶ್ಚರ್ 1876ರಲ್ಲಿ ಬಿಯರಿನ ಬಗ್ಗೆಯೇ ಗ್ರಂಥ ಪ್ರಕಟಿಸಿದ. ಬಿಯರ್ ಕೆಡುವುದು ಹೊರಗಿನಿಂದ ಸೇರುವ ಸೂಕ್ಷ್ಮಜೀವಿಗಳಿಂದ, ಮುಖ್ಯವಾಗಿ ಬ್ಯಾಕ್ಟೀರಿಯಾಗಳಿಂದ ಎಂಬುದು ಆತನ ನಿಲುವು. ಯಾಕೋಬ್ಸೆನ್‌ಗೆ ಪಾಶ್ಚರ್ ಮೇಲೆ ಎಷ್ಟು ಗೌರವವೆಂದರೆ ಆತನ ಅಮೃತಶಿಲೆಯ ಪ್ರತಿಮೆಯನ್ನೇ ಮಾಡಿಸಿದ್ದ. ಈ ವಾತಾವರಣಕ್ಕೆ ಹ್ಯಾನ್ಸನ್ ಕಾಲಿಟ್ಟ. 1879ರಲ್ಲಿ ಬಿಯರ್ ಮತ್ತು ಬಾರ್ಲಿ ಕಷಾಯದಲ್ಲಿ ವಾಸಿಸುವ ಜೀವಿಗಳ ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದು, ಅದೇ ವರ್ಷ ಪ್ರಯೋಗಾಲಯದ ಶರೀರಕ್ರಿಯಾ ವಿಭಾಗದ ಮುಖ್ಯಸ್ಥನಾದ. ಸಾಯುವವರೆಗೂ, ಅಂದರೆ ಮೂವತ್ತು ವರ್ಷ, ಆ ಕುರ್ಚಿ ಬಿಡಲಿಲ್ಲ.

ಹಣ್ಣಿನಿಂದ ಮಣ್ಣಿಗೆ, ಮಣ್ಣಿನಿಂದ ಹಣ್ಣಿಗೆ

ಹ್ಯಾನ್ಸನ್‌ನ ಮೊದಲ ದೊಡ್ಡ ಕೆಲಸ ಬ್ರೂವರಿಯ ಒಳಗಲ್ಲ, ಹೊರಗೆ ತೋಟದಲ್ಲಿ ನಡೆಯಿತು. ಕಾಡು ಯೀಸ್ಟ್ ಎಲ್ಲಿಂದ ಬರುತ್ತದೆ, ಚಳಿಗಾಲದಲ್ಲಿ ಎಲ್ಲಿ ಅಡಗುತ್ತದೆ ಎಂಬ ಪ್ರಶ್ನೆಗೆ ಆಗ ಉತ್ತರವಿರಲಿಲ್ಲ. ಇದಕ್ಕಾಗಿ ಆತ ಆರಿಸಿಕೊಂಡದ್ದು ನಿಂಬೆಹಣ್ಣಿನಂತೆ ಎರಡೂ ತುದಿ ಚೂಪಾಗಿರುವ ಒಂದು ಯೀಸ್ಟ್. ಸೂಕ್ಷ್ಮದರ್ಶಕದಲ್ಲಿ ಅದನ್ನು ಆಕಾರದಿಂದಲೇ ಗುರುತಿಸಬಹುದು. ಬೇರೆಯದರ ಜತೆ ಗೊಂದಲವಾಗುವುದಿಲ್ಲ. ಆ ಕಾಲದಲ್ಲಿ ಅದರ ಹೆಸರು ಸ್ಯಾಕರೊಮೈಸಿಸ್ ಎಪಿಕ್ಯುಲೇಟಸ್.

ಚೆರ್ರಿ, ಪ್ಲಮ್, ದ್ರಾಕ್ಷಿಯಂಥ ರಸಭರಿತ ಹಣ್ಣುಗಳು ಮಾಗಿದಂತೆ ಈ ಯೀಸ್ಟ್ ಅವುಗಳ ಸಿಪ್ಪೆ ಬಿರಿದ ಕಡೆ ನೆಲೆಯೂರುವುದನ್ನು ಆತ ಗಮನಿಸಿದ. ಹಣ್ಣು ಉದುರಿದಾಗ, ಮಳೆ ತೊಳೆದಾಗ ಅದು ಮಣ್ಣು ಸೇರುತ್ತದೆ. ಚಳಿಗಾಲವನ್ನು ಮಣ್ಣಿನಲ್ಲೇ ಕಳೆಯುತ್ತದೆ. ಬೇಸಿಗೆ ಬಂದಾಗ ಗಾಳಿಯ ಧೂಳಿನೊಡನೆ, ಕೀಟಗಳ ಕಾಲಿಗಂಟಿಕೊಂಡು ಮತ್ತೆ ಹಣ್ಣಿಗೇರುತ್ತದೆ. ಈ ವಾರ್ಷಿಕ ಯಾತ್ರೆಯನ್ನು ಋತುವಿನಿಂದ ಋತುವಿಗೆ ಪರೀಕ್ಷಿಸಿ ಆತ ದೃಢಪಡಿಸಿದ. ಯೀಸ್ಟ್ ಎಂಬುದು ಬ್ರೂವರಿಯ ಸಾಕುಪ್ರಾಣಿ ಮಾತ್ರವಲ್ಲ, ಪ್ರಕೃತಿಯಲ್ಲಿ ತನ್ನದೇ ಮನೆ ಮತ್ತು ದಾರಿ ಇರುವ ಜೀವಿ ಎಂಬುದು ಮೊದಲ ಬಾರಿಗೆ ಸ್ಪಷ್ಟವಾದದ್ದು ಹೀಗೆ.

ಇದರ ಜತೆಗೇ ಬ್ರೂವರಿಯ ಸುತ್ತಲಿನ ಗಾಳಿಯನ್ನೂ ಪರೀಕ್ಷೆಗೆ ಒಡ್ಡಿದ. ಎಲ್ಲೆಡೆಯೂ ಗಾಳಿಯಲ್ಲಿ ಸೂಕ್ಷ್ಮಜೀವಿಗಳಿದ್ದವು. ಹಣ್ಣು ಮಾಗುವ ಕಾಲದಲ್ಲಿ ಕಾಡು ಯೀಸ್ಟಿನ ಹಾವಳಿ ಹೆಚ್ಚು. ತೆರೆದ ಪಾತ್ರೆಯಲ್ಲಿ ಆರುವ ಕಷಾಯಕ್ಕೆ ಇವು ಇಳಿಯುವುದನ್ನು ತಡೆಯುವಂತಿರಲಿಲ್ಲ. ಬ್ರಸೆಲ್ಸಿನ ಬಿಯರ್ ತಯಾರಕರು ತಲೆಮಾರುಗಳಿಂದ ಯಾವುದನ್ನು ನಂಬಿ ಕೆಲಸ ಮಾಡುತ್ತಿದ್ದರೋ, ಕೋಪನ್‌ಹೇಗನ್ನಿನ ವಿಜ್ಞಾನಿಗೆ ಅದೇ ಅಪಾಯದ ಮೂಲವಾಗಿ ಕಂಡಿತು.

1883ರ ಸಂಕಟ

ಅಪಾಯ ಬಾಗಿಲಿಗೇ ಬಂದದ್ದು 1883ರಲ್ಲಿ. ಕಾರ್ಲ್ಸ್‌ಬರ್ಗ್‌ನ ಬಿಯರಿನಲ್ಲೇ ಅಸಹ್ಯವಾದ ಕಹಿ, ಕೆಟ್ಟ ವಾಸನೆ ಕಾಣಿಸಿಕೊಂಡಿತು. ಹಣ ಸುರಿದು, ಶುಚಿತ್ವ ಕಾಯ್ದು, ಪಾಶ್ಚರ್ ಹೇಳಿದ್ದನ್ನೆಲ್ಲ ಪಾಲಿಸಿದ ಬ್ರೂವರಿಗೂ ಈ ಗತಿಯೇ ಎಂದು ಯಾಕೋಬ್ಸೆನ್ ಕಂಗಾಲಾದ.

ಹ್ಯಾನ್ಸನ್ ಬೇರೆಯದೇ ಕಾರಣವನ್ನು ಶಂಕಿಸಿದ. ಕಾಯಿಲೆ ತರುವುದು ಬ್ಯಾಕ್ಟೀರಿಯಾ ಮಾತ್ರವಲ್ಲ, ಯೀಸ್ಟೂ ಆಗಿರಬಹುದು. ಬ್ರೂವರಿಯವರು ಒಂದೇ ಯೀಸ್ಟ್ ಎಂದು ನಂಬಿ ತಲೆಮಾರುಗಳಿಂದ ಹಂಡೆಯಿಂದ ಹಂಡೆಗೆ ದಾಟಿಸುತ್ತಿದ್ದುದು ನಿಜದಲ್ಲಿ ಹಲವು ಯೀಸ್ಟುಗಳ ಸಂತೆ. ಅದರಲ್ಲಿ ಒಳ್ಳೆಯದೂ ಇದೆ, ಹಣ್ಣಿನ ತೋಟದಿಂದ ನುಸುಳಿದ್ದೂ ಇದೆ. ಯೀಸ್ಟನ್ನು ಟಾರ್ಟಾರಿಕ್ ಆಮ್ಲದಿಂದ ತೊಳೆದು ಶುದ್ಧಗೊಳಿಸುವ ಪಾಶ್ಚರ್ ವಿಧಾನ ಬ್ಯಾಕ್ಟೀರಿಯಾಗಳನ್ನು ತಗ್ಗಿಸುತ್ತದೆ, ಆದರೆ ಕಾಡು ಯೀಸ್ಟಿಗೆ ಅನುಕೂಲವನ್ನೇ ಮಾಡಿಕೊಡುತ್ತದೆ ಎಂದೂ ಆತ ತೋರಿಸಿದ. ಯಜಮಾನನ ಆರಾಧ್ಯ ವಿಜ್ಞಾನಿಯ ಮಾತನ್ನು ಅದೇ ಯಜಮಾನನ ಸಂಬಳ ಪಡೆಯುವವನು ತಿದ್ದುವುದು ಸಣ್ಣ ಧೈರ್ಯವಲ್ಲ. ಯಾಕೋಬ್ಸೆನ್ ಮೊದಮೊದಲು ನಂಬಲಿಲ್ಲ.

ಅನುಮಾನ ಸಾಬೀತಾಗಬೇಕಾದರೆ ಒಂದೇ ದಾರಿ. ಒಂದೇ ಒಂದು ಯೀಸ್ಟ್ ಕೋಶವನ್ನು ಬೇರ್ಪಡಿಸಿ, ಅದರಿಂದ ಸಂತಾನ ಬೆಳೆಸಿ, ಆ ಸಂತಾನದಿಂದ ಬಿಯರ್ ಮಾಡಿ ನೋಡಬೇಕು. ಮಿಲಿಮೀಟರಿನ ನೂರನೇ ಭಾಗಕ್ಕಿಂತ ಚಿಕ್ಕದಾದ ಕೋಶವನ್ನು ಹಿಡಿಯುವುದು ಹೇಗೆ?

ಹ್ಯಾನ್ಸನ್ ಕಂಡುಕೊಂಡ ಉಪಾಯ ಸರಳವಾದದ್ದು. ಯೀಸ್ಟನ್ನು ಶುದ್ಧ ನೀರಿನಲ್ಲಿ ಕದಡಿ, ಒಂದು ಹನಿಯಲ್ಲಿ ಎಷ್ಟು ಕೋಶಗಳಿವೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸಿದ. ಸರಾಸರಿ ಎರಡು ಪಾಲಿಗೆ ಒಂದು ಕೋಶ ಬರುವಷ್ಟು ತೆಳುವಾಗಿಸಿ, ಆ ಪಾಲುಗಳನ್ನು ಬಾರ್ಲಿ ಕಷಾಯವಿದ್ದ ಬುರುಡೆಗಳಿಗೆ ಹಂಚಿದ. ಚೆನ್ನಾಗಿ ಅಲುಗಿಸಿ ಅಲ್ಲಾಡದಂತೆ ಇಟ್ಟರೆ ಕೋಶಗಳು ತಳಕ್ಕೆ ಇಳಿದು ನಿಂತಲ್ಲೇ ಬೆಳೆಯುತ್ತವೆ. ಕೆಲ ದಿನಗಳ ನಂತರ ಬುರುಡೆಯಲ್ಲಿ ಒಂದೇ ಒಂದು ಬಿಳಿ ಚುಕ್ಕೆ ಕಂಡರೆ ಅದರ ಮೂಲ ಒಂದೇ ಕೋಶ. ಎರಡು ಚುಕ್ಕೆ ಕಂಡರೆ ಆ ಬುರುಡೆ ಬೇಡ. ನಂತರದ ದಿನಗಳಲ್ಲಿ ಗಾಜಿನ ಮೇಲೆ ಜೆಲಟಿನ್ ಪೊರೆಯಲ್ಲಿ ಕೋಶವನ್ನು ಹಿಡಿದಿಟ್ಟು, ಅದು ಒಂಟಿಯೆಂಬುದನ್ನು ಕಣ್ಣಾರೆ ಕಂಡು, ಅದು ಮರಿ ಹಾಕುವುದನ್ನು ಗಮನಿಸುವ ವಿಧಾನವನ್ನೂ ರೂಢಿಸಿಕೊಂಡ.

ಕಾರ್ಲ್ಸ್‌ಬರ್ಗ್‌ನ ಯೀಸ್ಟಿನಲ್ಲಿ ಹೀಗೆ ನಾಲ್ಕು ಬಗೆಗಳು ಬೇರ್ಪಟ್ಟವು. ಒಳ್ಳೆಯ ಬಿಯರ್ ಕೊಟ್ಟದ್ದು ಒಂದೇ ಒಂದು. ಉಳಿದವು ಕಾಡಿನವು. ಕಹಿ ಮತ್ತು ದುರ್ವಾಸನೆಗೆ ಕಾರಣವಾದ ಯೀಸ್ಟನ್ನು ಹ್ಯಾನ್ಸನ್ ಗುರುತಿಸಿದ್ದು ಸ್ಯಾಕರೊಮೈಸಿಸ್ ಪಾಸ್ಟೋರಿಯಾನಸ್ ಎಂಬ ಹೆಸರಿನ ಗುಂಪಿನಲ್ಲಿ. ಪಾಶ್ಚರ್ ಗೌರವಾರ್ಥ ಇನ್ನೊಬ್ಬ ವಿಜ್ಞಾನಿ 1870ರಲ್ಲೇ ಇಟ್ಟಿದ್ದ ಹೆಸರದು.

ಒಳ್ಳೆಯ ಬಗೆಗೆ ಕಾರ್ಲ್ಸ್‌ಬರ್ಗ್ ತಳಯೀಸ್ಟ್ ಸಂಖ್ಯೆ 1 ಎಂದು ಹೆಸರಾಯಿತು. 1883ರ ನವೆಂಬರ್ 12ರಂದು ಮೊದಲ ಬಾರಿಗೆ ಒಂದೇ ಕೋಶದ ಸಂತಾನದಿಂದ ಕಾರ್ಲ್ಸ್‌ಬರ್ಗ್‌ನ ಬಿಯರ್ ಹುದುಗತೊಡಗಿತು. ಕಾಯಿಲೆ ಮಾಯವಾಯಿತು. ಯಾಕೋಬ್ಸೆನ್‌ನ ಸಂಶಯವೂ ಕಳೆಯಿತು.

ಗುಟ್ಟಿಲ್ಲದ ಗೆಲುವು

ಇಂಥ ಶೋಧ ಕೈಗೆ ಸಿಕ್ಕ ಉದ್ಯಮಿ ಸಾಮಾನ್ಯವಾಗಿ ಮಾಡುವುದು ಬೀಗ ಜಡಿಯುವ ಕೆಲಸ. ಯಾಕೋಬ್ಸೆನ್ ಪ್ರಯೋಗಾಲಯದ ನಿಯಮಕ್ಕೆ ಬದ್ಧನಾಗಿ ನಡೆದುಕೊಂಡ. ವಿಧಾನವನ್ನು ಪ್ರಕಟಿಸಲಾಯಿತು, ಶುದ್ಧ ಯೀಸ್ಟನ್ನು ಕೇಳಿದ ಬ್ರೂವರಿಗಳಿಗೆ ಕೊಡಲಾಯಿತು. ಬ್ರೂವರಿಯ ಕ್ಯೂಲೆ ಎಂಬಾತನ ಜತೆ ಸೇರಿ ಹ್ಯಾನ್ಸನ್, ಶುದ್ಧ ಯೀಸ್ಟನ್ನು ಹೊರಗಾಳಿ ಸೋಕದಂತೆ ದೊಡ್ಡ ಪ್ರಮಾಣದಲ್ಲಿ ಬೆಳೆಸುವ ಲೋಹದ ಯಂತ್ರವನ್ನೂ ರೂಪಿಸಿದ. ನಾನಾ ದೇಶಗಳಿಂದ ಬಿಯರ್ ತಂತ್ರಜ್ಞರು ಕಲಿಯಲು ಕೋಪನ್‌ಹೇಗನ್ನಿಗೆ ಬಂದರು. ಯಾಕೋಬ್ಸೆನ್ 1887ರಲ್ಲಿ ರೋಮ್ ನಗರದಲ್ಲಿ ತೀರಿಕೊಳ್ಳುವ ಹೊತ್ತಿಗೆ ಶುದ್ಧ ಯೀಸ್ಟ್ ಯುರೋಪಿನ ಗಡಿಗಳನ್ನು ದಾಟಿ ನಡೆದಿತ್ತು.

ಇದರ ಪರಿಣಾಮವನ್ನು ಎರಡು ಬಗೆಯಲ್ಲಿ ಅಳೆಯಬೇಕಾಗುತ್ತದೆ. ಬೇಸಿಗೆಯಲ್ಲಿ ಹಂಡೆ ಹಂಡೆ ಬಿಯರನ್ನು ಚರಂಡಿಗೆ ಚೆಲ್ಲುವ ನಷ್ಟ ನಿಂತಿತು. ಕುಡಿಯುವವನಿಗೆ ಇಂದು ಸಿಕ್ಕ ರುಚಿ ನಾಳೆಯೂ ಸಿಗುವ ಭರವಸೆ ಬಂತು. ಮೊದಲ ಲಾಭ ಇದು. ಬೆಂಗಳೂರಿನ ಪಬ್ಬಿನಲ್ಲಿ ನೊರೆಯೆದ್ದು ಬರುವ ಲಾಗರನ್ನು ಹುದುಗಿಸುವುದೂ ಇದೇ ಯೀಸ್ಟ್ ಕುಲವೇ. ಆದರೆ ಒಂದೂರಿನ ಬಿಯರಿಗೂ ಇನ್ನೊಂದೂರಿನ ಬಿಯರಿಗೂ ಇದ್ದ ಅಂತರ, ಆಯಾ ಊರಿನ ಗಾಳಿ ಮಣ್ಣುಗಳು ಬರೆದ ಅಂತರ, ಅಳಿಸುತ್ತ ಹೋಯಿತು. ಕೆಟ್ಟದ್ದನ್ನು ಹೊರಗಟ್ಟುವಾಗ ಬೇರೆಯದನ್ನೂ ಹೊರಗಟ್ಟಲಾಯಿತು.

ಇಂಗ್ಲೆಂಡಿನ ತಕರಾರು

ಈ ನಷ್ಟವನ್ನು ಮೊದಲು ಕಂಡವರು ಇಂಗ್ಲೆಂಡಿನವರು. ಅಲ್ಲಿನ ಏಲ್ ಬಿಯರುಗಳನ್ನು, ಅದರಲ್ಲೂ ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಕಳಿಸುವ ಗಟ್ಟಿ ಬಿಯರುಗಳನ್ನು, ಹ್ಯಾನ್ಸನ್ ವಿಧಾನದ ಒಂಟಿ ಯೀಸ್ಟಿನಿಂದ ಹುದುಗಿಸಿ ನೋಡಿದರೆ ಬಿಯರ್ ಚೊಕ್ಕಟವಾಗಿತ್ತು, ಆದರೆ ಸಪ್ಪೆಯಾಗಿತ್ತು. ಹಳೆಯ ಏಲಿನ ಘಮವೇ ಇಲ್ಲ. ಶುದ್ಧ ಯೀಸ್ಟ್ ಲಾಗರಿಗೆ ಸರಿ, ಏಲಿಗಲ್ಲ ಎಂದು ಅಲ್ಲಿನವರು ದೂರಿದರು. ವರ್ಷಗಟ್ಟಲೆ ವಾದ ನಡೆಯಿತು.

ಉತ್ತರ ಬಂದದ್ದು ಹ್ಯಾನ್ಸನ್ ಊರಿನಿಂದಲೇ. ಯಾಕೋಬ್ಸೆನ್‌ನ ಮಗ ಕಾರ್ಲ್ ತಂದೆಯೊಡನೆ ಜಗಳವಾಡಿ ಪಕ್ಕದಲ್ಲೇ ಹೊಸ ಕಾರ್ಲ್ಸ್‌ಬರ್ಗ್ ಎಂಬ ಬ್ರೂವರಿ ನಡೆಸುತ್ತಿದ್ದ. ಅಲ್ಲಿನ ಪ್ರಯೋಗಾಲಯದ ನಿರ್ದೇಶಕ ನೀಲ್ಸ್ ಹ್ಯೆಲ್ಟೆ ಕ್ಲಾಸೆನ್ ಇಂಗ್ಲಿಷ್ ಏಲುಗಳಿಂದ ನಿಧಾನವಾಗಿ ಬೆಳೆಯುವ ವಿಚಿತ್ರ ಯೀಸ್ಟೊಂದನ್ನು ಬೇರ್ಪಡಿಸಿದ. ಮುಖ್ಯ ಯೀಸ್ಟ್ ಕೆಲಸ ಮುಗಿಸಿದ ಬಳಿಕ, ಉಳಿದ ಸಕ್ಕರೆಗಳನ್ನು ತಿಂಗಳುಗಟ್ಟಲೆ ಮೆಲ್ಲುತ್ತ ಆ ಘಮವನ್ನು ಕೊಡುತ್ತಿದ್ದುದು ಇದೇ. ಬ್ರಿಟನ್ನಿನ ಶಿಲೀಂಧ್ರ ಎಂಬರ್ಥದಲ್ಲಿ ಅದಕ್ಕೆ ಬ್ರೆಟನೊಮೈಸಿಸ್ ಎಂದು ಹೆಸರಿಟ್ಟು 1904ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಮೊದಲು ಶುದ್ಧ ಯೀಸ್ಟಿನಿಂದ ಹುದುಗಿಸಿ, ಆನಂತರ ಇದನ್ನು ಬೇಕೆಂದೇ ಸೇರಿಸಿ ಎಂಬುದು ಆತನ ಸಲಹೆ.

ಈ ಘಟನೆಯಲ್ಲಿ ಹ್ಯಾನ್ಸನ್‌ಗೆ ಸೋಲೂ ಇದೆ, ಗೆಲುವೂ ಇದೆ. ಲಾಗರಿಗೆ ಹೇಳಿದ್ದು ಎಲ್ಲ ಬಿಯರಿಗೂ ಅನ್ವಯವಾಗಲಿಲ್ಲ, ಕಾಡು ಯೀಸ್ಟೆಲ್ಲ ಕಾಯಿಲೆಯಲ್ಲ ಎಂಬುದು ಬಯಲಾಯಿತು. ಹಾಗೆಂದು ಬಯಲು ಮಾಡಿಕೊಟ್ಟದ್ದು ಒಂದೊಂದು ಯೀಸ್ಟನ್ನು ಒಂಟಿಯಾಗಿಸಿ, ಶುದ್ಧವಾಗಿ ಬೆಳೆಸಿ ಪರೀಕ್ಷಿಸುವ ಆತನದೇ ಹಾದಿ.

ಕಣಿವೆಯಲ್ಲಿ ಉಳಿದ ಹುಳಿ

ಸೆನ್ನೆ ಕಣಿವೆಯ ಲ್ಯಾಂಬಿಕ್ ತಯಾರಕರು ಈ ವಾದಗಳಿಗೆ ಕಿವಿಗೊಡದೆ ತಮ್ಮ ಪಾಡಿಗೆ ಕಷಾಯವನ್ನು ಗಾಳಿಗಿಡುತ್ತಲೇ ಬಂದರು. ಹವೆ ತಂಪಾಗಿರುವ ತಿಂಗಳುಗಳಲ್ಲಿ ಮಾತ್ರ ಬಿಯರ್ ಮಾಡುವುದು, ಹಳತಾದ ಹಾಪ್ಸ್ ಹೂಗಳನ್ನು ಹಾಕಿ ಕಹಿ ಕಡಿಮೆಯಾಗಿಸುವುದು, ಓಕ್ ಪೀಪಾಯಿಯಲ್ಲಿ ಒಂದರಿಂದ ಮೂರು ವರ್ಷ ಕಾಯುವುದು, ಎಳೆಯದನ್ನೂ ಹಳೆಯದನ್ನೂ ಬೆರೆಸಿ ಗ್ಯೂಜ್ ಎಂಬ ನೊರೆಬಿಯರ್ ಮಾಡುವುದು, ಹುಳಿ ಚೆರ್ರಿ ನೆನೆಹಾಕಿ ಕ್ರೀಕ್ ಮಾಡುವುದು ಅವರ ಪದ್ಧತಿ.

ಆ ಪೀಪಾಯಿಯ ಒಳಗೆ ನಡೆಯುವುದನ್ನು ವಿಜ್ಞಾನಿಗಳು ಮುಂದೆ ಹಂತಹಂತವಾಗಿ ಬಿಡಿಸಿ ನೋಡಿದರು. ಮೊದಲ ವಾರಗಳಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಸಂಬಂಧಿಗಳ ಜತೆಗೆ ತಲೆ ಎತ್ತುವುದು ಎರಡು ತುದಿ ಚೂಪಾದ ಯೀಸ್ಟ್, ಅಂದರೆ ಹ್ಯಾನ್ಸನ್ ತೋಟದಲ್ಲಿ ಹಿಂಬಾಲಿಸಿದ ಆ ನಿಂಬೆ ಆಕಾರದ್ದೇ ಬಳಗ. ಬಳಿಕ ಮಾಮೂಲಿ ಬಿಯರ್ ಯೀಸ್ಟ್ ಬಂದು ಮದ್ಯಸಾರ ತಯಾರಿಸುತ್ತದೆ. ಆಮೇಲೆ ಪೀಡಿಯೊಕಾಕಸ್ ಎಂಬ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲದ ಹುಳಿ ತುಂಬುತ್ತದೆ. ಬಿಯರ್ ಕೆಡಿಸುವ ಈ ಜೀವಿಗೆ ಹಾನಿಕಾರಕ ಎಂಬರ್ಥದ ಡ್ಯಾಮ್ನೋಸಸ್ ಎಂಬ ವಿಶೇಷಣ ಕೊಟ್ಟವನೂ ಕ್ಲಾಸೆನ್ನೇ. ಕೊನೆಗೆ ಬ್ರೆಟನೊಮೈಸಿಸ್ ತನ್ನ ಚರ್ಮದ, ಒಣಹುಲ್ಲಿನ, ಅನಾನಸಿನ ವಾಸನೆ ಸೇರಿಸುತ್ತದೆ. 1921ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ಲ್ಯಾಂಬಿಕ್‌ನಿಂದಲೇ ಈ ಯೀಸ್ಟಿನ ಬಗೆಗಳನ್ನು ಬೇರ್ಪಡಿಸಿ, ಬ್ರಸೆಲ್ಸ್ ನಗರದ ಹೆಸರನ್ನೇ ಇಟ್ಟರು.

ಕಾರ್ಲ್ಸ್‌ಬರ್ಗ್‌ನ ಕಾಯಿಲೆ ಪಟ್ಟಿ ಬ್ರಸೆಲ್ಸಿನಲ್ಲಿ ಪಾಕಪಟ್ಟಿಯಾಗಿತ್ತು ಎಂದರೆ ತಪ್ಪಾಗಲಾರದು. ಅದೇ ಜೀವಿಗಳು ಒಂದೆಡೆ ರೋಗ, ಇನ್ನೊಂದೆಡೆ ರುಚಿ. ವ್ಯತ್ಯಾಸವಿರುವುದು ಜೀವಿಯಲ್ಲಿ ಮಾತ್ರವಲ್ಲ, ಅದಕ್ಕೆ ಕೊಡುವ ಕಾಲದಲ್ಲೂ ಇದೆ. ಕೆಲವೇ ವಾರಗಳಲ್ಲಿ ಮಾರಾಟವಾಗಬೇಕಾದ ಲಾಗರಿನಲ್ಲಿ ಅವು ಕಳ್ಳರು. ಮೂರು ವರ್ಷ ಕಾಯುವವನ ಪೀಪಾಯಿಯಲ್ಲಿ ಅವು ಕೂಲಿಯಿಲ್ಲದ ಕೆಲಸಗಾರರು.

ಕೊನೆಯ ವರ್ಷಗಳು, ಆಮೇಲಿನ ಕತೆ

ಹ್ಯಾನ್ಸನ್ ಕೊನೆಯವರೆಗೂ ಯೀಸ್ಟುಗಳನ್ನು ವರ್ಗೀಕರಿಸುವ ಕೆಲಸದಲ್ಲೇ ಮುಳುಗಿದ್ದ. ಆಕಾರ ನೋಡಿ ಯೀಸ್ಟನ್ನು ಗುರುತಿಸಲಾಗದು, ಅದು ಯಾವ ತಾಪದಲ್ಲಿ ಎಷ್ಟು ಹೊತ್ತಿಗೆ ಬೀಜಕ ಕಟ್ಟುತ್ತದೆ, ಯಾವ ಸಕ್ಕರೆಯನ್ನು ಹುದುಗಿಸುತ್ತದೆ ಎಂದು ನೋಡಬೇಕು ಎಂಬುದನ್ನು ಲೋಕಕ್ಕೆ ಕಲಿಸಿದ. 1908ರಲ್ಲಿ ತನ್ನ ಪ್ರೀತಿಯ ತಳಯೀಸ್ಟಿಗೆ ಸ್ಯಾಕರೊಮೈಸಿಸ್ ಕಾರ್ಲ್ಸ್‌ಬರ್ಗೆನ್ಸಿಸ್ ಎಂದು ಹೆಸರಿಟ್ಟ. 1909ರ ಆಗಸ್ಟ್ 27ರಂದು, 67ನೆಯ ವಯಸ್ಸಿನಲ್ಲಿ ತೀರಿಕೊಂಡ. ಅದೇ ವರ್ಷ, ಅದೇ ಪ್ರಯೋಗಾಲಯದ ರಸಾಯನ ವಿಭಾಗದ ಸೋರೆನ್ಸನ್, ಹುಳಿಯನ್ನು ಅಳೆಯುವ ಪಿಎಚ್ ಮಾನವನ್ನು ಜಗತ್ತಿಗೆ ಕೊಟ್ಟ. ಸಾಮಾನ್ಯ ಲಾಗರಿನ ಪಿಎಚ್ 4ಕ್ಕಿಂತ ತುಸು ಹೆಚ್ಚು, ಲ್ಯಾಂಬಿಕ್‌ನದು 3.5ಕ್ಕಿಂತ ಕಡಿಮೆ ಎಂದು ಇಂದು ಹೇಳಲು ಸಾಧ್ಯವಾಗಿರುವುದು ಆ ಮಾನದಿಂದ.

ಹ್ಯಾನ್ಸನ್ ಕಣ್ಮುಚ್ಚಿದ ಕೆಲವೇ ವರ್ಷಗಳಲ್ಲಿ ಯೀಸ್ಟುಗಳ ಒಂದು ಕುಲಕ್ಕೆ ಆತನ ನೆನಪಿನಲ್ಲಿ ಹ್ಯಾನ್ಸೆನಿಯಾಸ್ಪೋರಾ ಎಂದು ಹೆಸರಿಡಲಾಯಿತು. ಹೊರಗಟ್ಟಿದವನ ಹೆಸರು ನಿಂತದ್ದು ಕಾಡಿನವುಗಳ ಮೇಲೆ. ಹಣ್ಣಿನ ಸಿಪ್ಪೆಯ ಮೇಲೆ ವಾಸಿಸುವ, ಎರಡೂ ತುದಿ ಚೂಪಾದ ಆ ಯೀಸ್ಟುಗಳೇ ಈ ಕುಲದ ಸದಸ್ಯರು. ಇವುಗಳಲ್ಲಿ ಕೆಲವು ಗುಲಾಬಿಯನ್ನೂ ಜೇನನ್ನೂ ನೆನಪಿಸುವ ಸುವಾಸನಾ ದ್ರವ್ಯಗಳನ್ನು ಧಾರಾಳವಾಗಿ ತಯಾರಿಸುತ್ತವೆ. ಅಮೆರಿಕದ ಇಂಡಿಯಾನಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬ್ಯಾಕ್ಟೀರಿಯಾದ ನೆರವಿಲ್ಲದೆ ಒಂದೇ ಯೀಸ್ಟಿನಿಂದ ಮದ್ಯಸಾರವನ್ನೂ ಹುಳಿಯನ್ನೂ ಪಡೆದು ಹುಳಿ ಬಿಯರ್ ಮಾಡುವ ವಿಧಾನವನ್ನು ವಿವರಿಸಿದರು. ಅದಕ್ಕೆ ಒದಗಿದ ಐದು ಕಾಡು ಯೀಸ್ಟುಗಳಲ್ಲಿ ಹ್ಯಾನ್ಸೆನಿಯಾಸ್ಪೋರಾ ಕುಲದ್ದೂ ಒಂದು.

ಇನ್ನೂ ದೊಡ್ಡ ಅಚ್ಚರಿ 2011ರಲ್ಲಿ ಕಾದಿತ್ತು. ಲಾಗರ್ ಯೀಸ್ಟ್ ಎರಡು ಯೀಸ್ಟುಗಳ ಮಿಶ್ರತಳಿ ಎಂಬುದು ಆ ವೇಳೆಗೆ ಗೊತ್ತಿತ್ತು. ಒಂದು ಮಾಮೂಲಿ ಏಲ್ ಯೀಸ್ಟ್. ಇನ್ನೊಂದು ಯಾವುದೆಂದು ತಿಳಿದಿರಲಿಲ್ಲ. ದಕ್ಷಿಣ ಅಮೆರಿಕದ ಪಟಗೋನಿಯಾದ ಕಾಡುಗಳಲ್ಲಿ, ಬೀಚ್ ಮರಗಳ ಕೊಂಬೆಯ ಮೇಲೆ ಏಳುವ ಸಿಹಿ ಗಂಟುಗಳಲ್ಲಿ ಸಂಶೋಧಕರಿಗೆ ಅದು ಸಿಕ್ಕಿತು. ಸ್ಯಾಕರೊಮೈಸಿಸ್ ಯೂಬಯಾನಸ್ ಎಂಬ ಆ ಕಾಡು ಯೀಸ್ಟ್ ಮುಂದೆ ಟಿಬೆಟಿನಲ್ಲೂ, 2022ರಲ್ಲಿ ಪ್ರಕಟವಾದ ವರದಿಯಂತೆ ಐರ್ಲೆಂಡಿನ ಮಣ್ಣಿನಲ್ಲೂ ಪತ್ತೆಯಾಯಿತು. ಲಾಗರಿಗೆ ತಂಪಿನಲ್ಲಿ ಕೆಲಸ ಮಾಡುವ ಶಕ್ತಿ ಬಂದದ್ದು ಈ ಕಾಡು ಪೂರ್ವಜನಿಂದ.

ಹಾಗಾದರೆ ಹ್ಯಾನ್ಸನ್ ಒಂಟಿಯಾಗಿಸಿ, ಶುದ್ಧವೆಂದು ನಂಬಿ, ಗಾಳಿ ಸೋಕದಂತೆ ಕಾಪಾಡಿದ ಯೀಸ್ಟಿನ ಮೈಯಲ್ಲೇ ಕಾಡಿನ ರಕ್ತವಿತ್ತು. ಹೆಸರಿನ ವಿಚಾರದಲ್ಲೂ ವಿಪರ್ಯಾಸ ತಪ್ಪಲಿಲ್ಲ. ಕಾರ್ಲ್ಸ್‌ಬರ್ಗೆನ್ಸಿಸ್ ಎಂಬ ಹೆಸರನ್ನು ವರ್ಗೀಕರಣಕಾರರು ಬದಿಗಿಟ್ಟರು. ಲಾಗರ್ ಯೀಸ್ಟಿನ ಇಂದಿನ ಅಧಿಕೃತ ಹೆಸರು ಸ್ಯಾಕರೊಮೈಸಿಸ್ ಪಾಸ್ಟೋರಿಯಾನಸ್, ಅಂದರೆ 1883ರಲ್ಲಿ ಕಾಯಿಲೆಯ ಯೀಸ್ಟಿಗೆ ಆತ ಬಳಸಿದ ಅದೇ ಹೆಸರು.

ಇದರಿಂದ ಹ್ಯಾನ್ಸನ್‌ನ ಕೆಲಸ ಕಿರಿದಾಗುವುದಿಲ್ಲ. ಹಣ್ಣಿನ ಮತ್ತು ಹೂವಿನ ಪರಿಮಳವುಳ್ಳ ಹುಳಿ ಏಲನ್ನು ಇಂದು ಹಲವು ದೇಶಗಳ ಸಣ್ಣ ಬ್ರೂವರಿಗಳು ಮಾಡುತ್ತಿವೆ. ಅವುಗಳಲ್ಲಿ ಬಹಳಷ್ಟು ಕಡೆ ಕಾಡು ಯೀಸ್ಟ್ ಕಿಟಕಿಯಿಂದ ಹಾರಿ ಬರುವುದಿಲ್ಲ. ಅದು ಒಂದೇ ಕೋಶದಿಂದ ಬೆಳೆಸಿ, ಶುದ್ಧವೆಂದು ಪರೀಕ್ಷಿಸಿ, ಹೆಸರು ಸಂಖ್ಯೆ ನಮೂದಿಸಿದ ಸೀಸೆಯಲ್ಲಿ ಪ್ರಯೋಗಾಲಯದಿಂದ ಬರುತ್ತದೆ. ಕಾಡು ಯೀಸ್ಟನ್ನು ಹೊರಗಟ್ಟಲು ಒಬ್ಬ ಬಡ ಹುಡುಗ ಕಲಿತ ವಿದ್ಯೆಯೇ ಅದನ್ನು ಮರಳಿ ಒಳಗೆ ಕರೆತರುವ ವಿದ್ಯೆಯೂ ಆಯಿತು. ಲೋಟದ ಆ 'ಕೆಟ್ಟ' ಹುಳಿಯನ್ನು ಬಯಸಿ ಕುಡಿಯುವವರು ತಮಗೆ ತಿಳಿಯದೆಯೇ ಆತನ ಋಣದಲ್ಲಿದ್ದಾರೆ.